ಬೆರಳು ಮೊದಲೇ ಬಿದ್ದ ಸಾಲುಗಳು

ವಿಡಿಯೊದಲ್ಲಿ ಹಾಡಿನ ಸಾಲು ಶುರುವಾದ ಕ್ಷಣ ಮಾಲಾ ಗಂಡನ ಎಡ ಭುಜದ ಮೇಲೆ ಬೆರಳಿನಿಂದ ಒಮ್ಮೆ ತಟ್ಟಬೇಕು. ತಟ್ಟಿದ ಕೂಡಲೇ ಶಿವಾನಂದ ಕೀಬೋರ್ಡಿನ ಉದ್ದ ಗುಂಡಿ ಒತ್ತಿ ವಿಡಿಯೊ ನಿಲ್ಲಿಸಬೇಕು. ಆಮೇಲೆ ಪ್ಲೇಯರಿನ ಕೆಳಗೆ ಕಾಣುವ ಸಮಯವನ್ನು ಪಕ್ಕದಲ್ಲಿ ತೆರೆದಿಟ್ಟ ನೋಟ್‌ಪ್ಯಾಡಿನಲ್ಲಿ ಬರೆಯಬೇಕು: ಗಂಟೆ, ನಿಮಿಷ, ಸೆಕೆಂಡು, ಒಂದು ಅಲ್ಪವಿರಾಮ, ಅದರ ಮುಂದೆ ಸೆಕೆಂಡಿನ ಸಾವಿರದ ಪಾಲು ಮೂರು ಅಂಕಿಯಲ್ಲಿ. ಅದರ ಕೆಳಗೆ ಮಾಲಾ ಹೇಳಿಕೊಡುವ ಹಾಡಿನ ಸಾಲು. ಅದರ ಕೆಳಗೊಂದು ಖಾಲಿ ಜಾಗ. ಮತ್ತೆ ಓಡಿಸು, ಮತ್ತೆ ಬೆರಳಿಗೆ ಕಾಯಿ.

ಮೂವತ್ತೆರಡು ನುಡಿ, ನುಡಿಗೆ ಎರಡು ಸಾಲು. ಒಟ್ಟು ಅರವತ್ನಾಲ್ಕು ತಟ್ಟು.

ಬೇರೆ ಯಾರಾದರೂ ಆಗಿದ್ದರೆ ಹಾಡು ಕೇಳುತ್ತಾ ತಾವೇ ಗುಂಡಿ ಒತ್ತುತ್ತಿದ್ದರು. ಶಿವಾನಂದನಿಗೆ ಕಿವಿ ಕೇಳುವುದಿಲ್ಲ. ನಾಲ್ಕು ವರ್ಷದ ಹಿಂದೆ ಆಷಾಢದಲ್ಲಿ ಜ್ವರ ಬಂದು ಎಂಟು ದಿನ ಮಲಗಿದ. ಜ್ವರ ಹೋಗುವಾಗ ಎರಡೂ ಕಿವಿಯನ್ನು ಕರೆದುಕೊಂಡು ಹೋಯಿತು. ಗೋಕಾಕದ ಪಿಯು ಕಾಲೇಜೊಂದರಲ್ಲಿ ಅವನು ಭೌತಶಾಸ್ತ್ರ ಕಲಿಸುತ್ತಿದ್ದ. ಈಗ ಪಾಠ ಬಿಟ್ಟು ಬರೀ ಪ್ರಯೋಗಾಲಯ ನೋಡಿಕೊಳ್ಳುತ್ತಾನೆ. ಹುಡುಗರು ಏನಾದರೂ ಕೇಳಬೇಕಿದ್ದರೆ ಅವನ ಜೇಬಿನ ಸಣ್ಣ ವಹಿಯಲ್ಲಿ ಬರೆದು ಕೇಳುತ್ತಾರೆ. ಮಾಲಾಳ ಮಾತಿಗೆ ಮಾತ್ರ ವಹಿ ಬೇಕಿಲ್ಲ. ಅವಳು ತುಸು ನಿಧಾನವಾಗಿ ಮಾತಾಡಿದರೆ ತುಟಿ ನೋಡಿಯೇ ತಿಳಿದುಕೊಳ್ಳುತ್ತಾನೆ.

ಈ ಕೆಲಸ ಹಚ್ಚಿದವಳು ಶಿವಾನಂದನ ಅತ್ತೆ, ಮಾಲಾಳ ಅವ್ವ ಶೆಟ್ಟೆವ್ವ. ಹುಕ್ಕೇರಿ ತಾಲೂಕಿನ ಕಣಗಲಾದವಳು, ಮದುವೆ ಹಾಡಿನಲ್ಲಿ ನಲವತ್ತು ವರ್ಷ ಹೆಸರು ಮಾಡಿದವಳು. ಮುಂದಿನ ವಾರ ಶುಕ್ರವಾರ ಅವಳ ಮೊಮ್ಮಗಳು ವಿದ್ಯಾಳ ಮದುವೆ. ವರನ ಊರು ಮುದಲಗಿ, ಲಗ್ನವೂ ಅಲ್ಲೇ. ಅಕ್ಷತೆ ಬಿದ್ದು ಊಟವಾದ ಮೇಲೆ ಎರಡೂ ಕಡೆಯ ಹೆಂಗಸರು ಎದುರುಬದುರು ಕೂತು ಹಾಡಬೇಕು. ಒಬ್ಬಳು ಒಂದು ಸಾಲು ಎತ್ತುತ್ತಾಳೆ. ಆ ಸಾಲಿನ ಕೊನೆಯ ಮಾತು ಆರುವುದರೊಳಗೆ, ಅದೇ ಮಾತನ್ನು ಹಿಡಿದು ಜೊತೆಯವಳು ಉತ್ತರದ ಸಾಲು ಹಾಡಬೇಕು. ಎದುರಿನವರು ನಡುವೆ ಒಂದು ಸಾಲು ಎಸೆದರೆ ಅದಕ್ಕೂ ಆ ಕ್ಷಣವೇ ಉತ್ತರ ಕಟ್ಟಬೇಕು. ತೆರಪು ಬಿತ್ತೋ, ಎದುರಿನವರು ಚಪ್ಪಾಳೆ ತಟ್ಟಿ ಹಾಡನ್ನು ಕಸಿದುಕೊಳ್ಳುತ್ತಾರೆ. ಹಾಗೆ ಕಸಿದುಕೊಂಡದ್ದನ್ನು ಬೀಗರು ಹತ್ತು ವರ್ಷ ಆಡಿಕೊಳ್ಳುತ್ತಾರೆ.

ಶೆಟ್ಟೆವ್ವನಿಗೆ ಈಗ ದಮ್ಮಿನ ತ್ರಾಸು. ಎತ್ತುವ ಸಾಲು ಹಾಡಿದರೆ ಉತ್ತರದ ಸಾಲಿಗೆ ಉಸಿರು ಉಳಿಯುವುದಿಲ್ಲ. ಉತ್ತರದ ಸಾಲುಗಳನ್ನು ಮನೆಯ, ಓಣಿಯ ಹೊಸ ಸೊಸೆಯಂದಿರಿಗೆ ಕಲಿಸೋಣವೆಂದರೆ ಅವರಿಗೆ ಹಾಡು ಬಾಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಮಗ ಶಿದ್ಲಿಂಗಪ್ಪನ ಕೈಯಲ್ಲಿ ತನ್ನ ಹಾಡಿನ ವಿಡಿಯೊ ಮಾಡಿಸಿ, "ಟಿವ್ಯಾಗ ಕೆಳಗ ಅಕ್ಷರ ಬರ್ತಾವಲ್ಲ, ಹಂಗ ಮಾಡಿಸಿಕೊಂಡ ಬಾ ನಮ್ಮ ಅಳಿಯಾಂದ್ರ ಕಡಿಂದ" ಎಂದು ಕಳಿಸಿದ್ದಳು.

ಸುದ್ದಿ ಕೇಳಿ ಕಣಗಲಾದ ಓಣಿಯೆಲ್ಲ ನಕ್ಕಿತ್ತಂತೆ. ಕಿವಿ ಇಲ್ಲದ ಮಾಸ್ತರ ಹಾಡಿಗೆ ಅಕ್ಷರ ಹಚ್ಚುತ್ತಾರಂತೆ ಎಂದು. ಮಾಲಾ ಇದನ್ನು ಹೇಳಿದಾಗ ಶಿವಾನಂದನೂ ನಕ್ಕ. ಕೆಲಸ ಮಾತ್ರ ಬಿಡಲಿಲ್ಲ. ಅದಕ್ಕೆ ಅವನದೇ ಕಾರಣವಿತ್ತು.

ಮೊದಲ ಸಲ ವಿಡಿಯೊ ನೋಡಿದಾಗ ಅದರಲ್ಲಿ ಮಾಲಾ ಕೂಡ ಇದ್ದಳು. ಅವ್ವನ ಬಲಕ್ಕೆ ಕೂತು ಕೈಯಿಂದ ತಾಳ ಹಾಕುತ್ತಿದ್ದಳು. ತುಟಿ ಮುಚ್ಚಿತ್ತು. ಎತ್ತುವ ಸಾಲನ್ನೂ ಉತ್ತರದ ಸಾಲನ್ನೂ ಶೆಟ್ಟೆವ್ವ ಒಬ್ಬಳೇ ಏದುತ್ತ ಹಾಡುತ್ತಿದ್ದಳು. ಉತ್ತರದ ಸಾಲು ಮೊದಲಿನಿಂದಲೂ ಮಾಲಾಳದು. ಹದಿನಾರು ವರ್ಷದವಳಿದ್ದಾಗಿನಿಂದ ಅವ್ವನ ಕೊನೆಯ ಮಾತನ್ನು ಹಿಡಿಯುತ್ತಿದ್ದವಳು ಅವಳೇ. ಇಪ್ಪತ್ತೈದು ವರ್ಷದ ಹಿಂದೆ ಹುಕ್ಕೇರಿಯಲ್ಲಿ ಗೆಳೆಯನ ಮದುವೆಗೆ ಹೋದ ಶಿವಾನಂದ, ಹಂದರದ ಆಚೆಯಿಂದ ಬಂದ ಆ ದನಿಯನ್ನು ಮೊದಲು ಕೇಳಿ, ಮುಖವನ್ನು ಆಮೇಲೆ ನೋಡಿದ್ದ.

"ನೀ ಯಾಕ ಹಾಡಿಲ್ಲ?" ಎಂದು ಕೇಳಿದ್ದ.

"ಅವತ್ತ ಗಂಟಲಾ ಕುಂತಿತ್ರಿ," ಎಂದಿದ್ದಳು ಮಾಲಾ.

ನಂಬಿದ. ಪೂರ್ತಿ ನಂಬಲಿಲ್ಲ. ಕಿವಿ ಇಲ್ಲದವನಿಗೆ ಮನೆಯಲ್ಲಿ ಹಾಡು ನಿಂತಿದೆಯೋ ನಡೆದಿದೆಯೋ ತಿಳಿಯುವ ಬಗೆಯೇನು? ತಾನು ಎದುರಿಲ್ಲದಾಗ ಅವಳು ಹಾಡಿಕೊಳ್ಳುತ್ತಿರುತ್ತಾಳೆ ಎಂದೇ ಅವನು ನಾಲ್ಕು ವರ್ಷ ತಿಳಿದಿದ್ದ. ಈಗ ಆ ಮುಚ್ಚಿದ ತುಟಿ ಕಣ್ಣಲ್ಲಿ ಕಸ ಬಿದ್ದಂತೆ ಚುಚ್ಚುತ್ತಿತ್ತು. ಮಾಲಾ ಹಾಡುವುದನ್ನು ಬಿಟ್ಟಿದ್ದಾಳೆಯೇ? ಬಿಟ್ಟಿದ್ದರೆ ಯಾಕೆ? ಕೇಳಿ ಉತ್ತರ ಪಡೆಯುವ ಪ್ರಶ್ನೆಯಲ್ಲ ಅದು. ಅವಳ ಪಕ್ಕ ಕೂತು ಅರವತ್ನಾಲ್ಕು ಸಾಲು ಮುಗಿಸುವುದರೊಳಗೆ ಏನಾದರೂ ತಿಳಿದೀತು ಎಂದುಕೊಂಡ.

ಮೂರು ದಿನ ಮುಂಜಾನೆ ಚಹಾ ಆದ ಮೇಲೆ ಒಂದೊಂದು ತಾಸು ಕೂತರು. ಮೊದಲ ಎಂಟು ನುಡಿ ಮುಗಿಸಿ ಓಡಿಸಿ ನೋಡಿದರೆ, ಶೆಟ್ಟೆವ್ವನ ಮುಖದ ಕೆಳಗೆ ಬರೀ ಪ್ರಶ್ನೆಚಿಹ್ನೆಗಳ ಸಾಲು ಮೂಡಿತು. ಫೈಲನ್ನು ಕನ್ನಡ ಉಳಿಯುವ ರೀತಿಯಲ್ಲಿ ಸೇವ್ ಮಾಡಲು ಅವನು ಮರೆತಿದ್ದ.

ಮಾಲಾ ಸೆರಗು ಬಾಯಿಗೆ ಒತ್ತಿ ನಕ್ಕಳು. "ನಮ್ಮವ್ವ ಏನ ಅಂದ್ರೂ ನಿಮಗ ಬರೇ ಪ್ರಶ್ನೀನ ಕಾಣ್ತಾವ ನೋಡ್ರಿ."

"ಇಪ್ಪತ್ನಾಲ್ಕ ವರ್ಷಾತು, ಆಕಿ ಒಂದ ಪ್ರಶ್ನಿಗೂ ನನ್ನ ಕಡೆ ಉತ್ತರಿಲ್ಲ," ಎಂದ ಶಿವಾನಂದ.

ಅರವತ್ನಾಲ್ಕೂ ಮುಗಿದ ಮೇಲೆ ಅವನು ತನ್ನ ಹಳೆಯ ಚಾಳಿಯಂತೆ ಅಳತೆಯನ್ನು ಪರೀಕ್ಷಿಸಲು ಕೂತ. ಮಾಲಾ ಕೇಳಿ ತಟ್ಟುವುದಕ್ಕೆ ತುಸು ಹೊತ್ತು, ತಾನು ತಟ್ಟನ್ನು ಅರಿತು ಗುಂಡಿ ಒತ್ತುವುದಕ್ಕೆ ತುಸು ಹೊತ್ತು. ಹಾಗಾಗಿ ಎಲ್ಲ ಸಮಯವೂ ಸ್ವಲ್ಪ ತಡವಾಗಿಯೇ ದಾಖಲಾಗಿರಬೇಕು. ಎಷ್ಟು ತಡ ಎಂದು ಗೊತ್ತಾದರೆ ಅಷ್ಟನ್ನು ಕಳೆದರಾಯಿತು. ಪ್ಲೇಯರಿನಲ್ಲಿ ವಿಡಿಯೊವನ್ನು ಒಂದೊಂದೇ ಚಿತ್ರವಾಗಿ ಮುಂದೆ ಸರಿಸುವ ಗುಂಡಿ ಇದೆ. ಅದನ್ನು ಒತ್ತುತ್ತ, ಅತ್ತೆಯ ತುಟಿ ತೆರೆಯುವ ಚಿತ್ರ ಯಾವುದೆಂದು ಹುಡುಕಿ, ಆ ಸಮಯವನ್ನು ವಹಿಯಲ್ಲಿ ಬರೆದ. ಪಕ್ಕದಲ್ಲಿ ಮಾಲಾಳ ತಟ್ಟಿನ ಸಮಯ ಬರೆದು ಒಂದರಿಂದೊಂದು ಕಳೆದ.

ಎತ್ತುವ ಸಾಲುಗಳಲ್ಲಿ ಲೆಕ್ಕ ಅವನು ಅಂದುಕೊಂಡಂತೆಯೇ ಇತ್ತು. ಹೆಚ್ಚುಕಡಿಮೆ ಎಲ್ಲವೂ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ತಡ. ಆದರೆ ಉತ್ತರದ ಸಾಲುಗಳು ವಿಚಿತ್ರವಾಗಿದ್ದವು. ಒಂದೂ ತಡವಾಗಿರಲಿಲ್ಲ. ಎಲ್ಲವೂ ಮುಂಚೆ! ಅತ್ತೆ ತುಟಿ ತೆರೆಯುವ ಮುಕ್ಕಾಲು ಸೆಕೆಂಡು ಮೊದಲೇ, ಕೆಲವು ಕಡೆ ಅದಕ್ಕೂ ಮೊದಲೇ ಬೆರಳು ಬಿದ್ದಿತ್ತು.

"ಮಾಲಾ, ಉತ್ತರದ ಸಾಲಿಗೆ ಬಂದಾಗ ಗಡಿಬಿಡಿ ಮಾಡೀ ನೋಡು. ಆಕಿ ಬಾಯಿ ತೆರ್ಯೂಕಿಂತ ಮೊದಲ ತಟ್ಟೀ."

ಮಾಲಾ ವಹಿಯನ್ನು ನೋಡಿದಳು. ಕಳೆಯುವ ಚಿಹ್ನೆ ಹಚ್ಚಿದ ಅಂಕಿಗಳು ಕಾಲಂ ತುಂಬ ನಿಂತಿದ್ದವು. "ಹೌದೇನ್ರಿ? ತಪ್ಪಾಗಿರಬೇಕು. ನೀವ ಸರಿ ಮಾಡ್ರಿ," ಎಂದು ಎದ್ದು ಒಲೆಯ ಕಡೆ ಹೋದಳು.

ಅವನು ಸರಿ ಮಾಡಿದ. ಹುಡುಗರಿಗೆ ಹೇಳುತ್ತಿದ್ದಂತೆ ಮೊದಲ ಅಳತೆಯನ್ನು ಅಳಿಸದೆ ಹಾಗೇ ಒಂದು ಫೈಲಿನಲ್ಲಿಟ್ಟು, ಇನ್ನೊಂದು ಫೈಲು ಮಾಡಿ ಅರವತ್ನಾಲ್ಕು ಸಾಲನ್ನೂ ತುಟಿಗೆ ತಕ್ಕಂತೆ ಕೂಡಿಸಿದ. ಓಡಿಸಿ ನೋಡಿದರೆ ಅತ್ತೆಯ ಬಾಯಿ ತೆರೆಯುವುದಕ್ಕೂ ಅಕ್ಷರ ಮೂಡುವುದಕ್ಕೂ ಕೂದಲೆಳೆಯ ಅಂತರವಿಲ್ಲ. ಕಿವಿ ಇದ್ದವರೂ ಇಷ್ಟು ನಿಖರವಾಗಿ ಮಾಡಲಾರರು ಎಂದು ಒಳಗೊಳಗೇ ಹಿಗ್ಗಿದ.

ಭಾನುವಾರ ಇಬ್ಬರೂ ಗೋಕಾಕದಿಂದ ಹುಕ್ಕೇರಿಗೆ, ಅಲ್ಲಿಂದ ಸಂಕೇಶ್ವರದ ಮೇಲೆ ಕಣಗಲಾಕ್ಕೆ ಬಸ್ಸು ಬದಲಿಸುತ್ತ ಹೋದರು. ಶೆಟ್ಟೆವ್ವನ ಪಡಸಾಲೆಯಲ್ಲಿ ಆಗಲೇ ಹೆಂಗಸರು ನೆರೆದಿದ್ದರು. ಮುಂದಿನ ಸಾಲಿನಲ್ಲಿ ಶಿದ್ಲಿಂಗಪ್ಪನ ಹಿರಿ ಸೊಸೆ ಗುಡ್ಡವ್ವ, ಅವಳ ಜೊತೆ ಓಣಿಯ ಇಬ್ಬರು ಎಳೆಯ ಸೊಸೆಯಂದಿರು. ಗೋಡೆಗೆ ಒರಗಿ ನೆರೆಮನೆಯ ಸಾವಂತ್ರೆವ್ವ. ಅವಳು ಹಾಡುವುದಿಲ್ಲ. ಹಾಡುವವರನ್ನು ಆಡಿಕೊಳ್ಳುವುದೇ ಅವಳ ಕೆಲಸ.

ಶಿವಾನಂದ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ವಿಡಿಯೊ ಓಡಿಸಿದ. ಮೊದಲ ಎತ್ತುವ ಸಾಲು ತೆರೆಯ ಮೇಲೆ ಬಂತು:

ಹೊಸ ಬಳಿ ಇಟಕೊಂಡ ಹೊಸ್ತಿಲ ದಾಟ್ಯಾಳ, ಹೊಳಿಯ ಆಚೀಗಿ ನಮ ಮಗಳ.

ಆಮೇಲೆ ಉತ್ತರ:

ಮಗಳಂತ ಕರಿಯವರು ಆ ಮನ್ಯಾಗ ಇದ್ದರ, ಮರತಾಳ ಬಂದ ಹಾದಿ ಮರತಾಳ.

ಮೂವರು ಸೊಸೆಯಂದಿರ ಬಾಯಿ ತೆರೆಯಿತು. ಆದರೆ ತೆರೆಯ ಮೇಲಿನ ಶೆಟ್ಟೆವ್ವ ಅಷ್ಟರಲ್ಲಿ ಎರಡು ಮಾತು ಮುಂದೆ ಹೋಗಿದ್ದಳು. ಎರಡನೇ ನುಡಿಯಲ್ಲೂ ಹಾಗೇ. ಮೂರನೆಯದರಲ್ಲಿ ಗುಡ್ಡವ್ವ ಉಸಿರು ಸಾಲದೆ ನಡುವೆಯೇ ನಿಂತು ಕೆಮ್ಮಿದಳು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾವಂತ್ರೆವ್ವ ಕೈ ತಿರುವಿ ಏನೋ ಅಂದಳು. ಶಿವಾನಂದ ಮಾಲಾಳ ಕಡೆ ನೋಡಿದ.

"ಏನಿಲ್ರಿ," ಎಂದಳು ಮಾಲಾ.

"ಏನರ ಐತಿ. ಹೇಳು."

"ಅಳಿಯಾಂದ್ರ ಅಕ್ಷರ ಬಂದ ಮುಟ್ಟೂದ್ರಾಗ ಹುಡುಗಿಗಿ ಎರಡ ಮಕ್ಕಳಾಗಿರತಾವು ಅನ್ನಾಕತ್ತಾಳ."

ಅವನಿಗೆ ನಗುವೂ ಬಂತು, ಕಸಿವಿಸಿಯೂ ಆಯಿತು. ತಪ್ಪು ಎಲ್ಲಿದೆ? ಅಕ್ಷರ ತುಟಿಗೆ ಸರಿಯಾಗಿಯೇ ಬರುತ್ತಿದೆ. ಇನ್ನೊಮ್ಮೆ ಓಡಿಸಿ ಈ ಸಲ ತೆರೆ ಬಿಟ್ಟು ಗುಡ್ಡವ್ವನನ್ನು ನೋಡಿದ. ಅಕ್ಷರ ಮೂಡಿತು. ಅವಳ ಕಣ್ಣು ಓದಿತು. ಭುಜ ಮೇಲೆದ್ದಿತು, ಎದೆ ಉಬ್ಬಿತು. ಆಮೇಲೆ ಬಾಯಿ ತೆರೆಯಿತು. ಹೌದಲ್ಲ, ಎಂದುಕೊಂಡ. ನೋಡುವವರಿಗೆ ಅಕ್ಷರ ಮಾತಿನ ಜೊತೆ ಬಂದರೆ ಸಾಕು. ಹಾಡುವವರಿಗೆ ಅದು ಉಸಿರು ಎಳೆಯುವ ಹೊತ್ತಿಗೇ ಬರಬೇಕು. ಉತ್ತರದ ಸಾಲನ್ನೆಲ್ಲ ತುಸು ಮೊದಲೇ ಮೂಡಿಸಬೇಕು. ಎಷ್ಟು? ಮನಸ್ಸಿನಲ್ಲೇ ಎಣಿಸಿದ. ಸುಮಾರು ಮುಕ್ಕಾಲು ಸೆಕೆಂಡು.

ಮುಕ್ಕಾಲು ಸೆಕೆಂಡು.

ಅವನ ಕೈ ಕೀಬೋರ್ಡಿನ ಮೇಲೆ ನಿಂತಿತು. ಆ ಅಂಕಿಯನ್ನು ಅವನು ತನ್ನ ಕೈಯಾರೆ, ಕಳೆಯುವ ಚಿಹ್ನೆ ಹಚ್ಚಿ, ಮೂವತ್ತೆರಡು ಸಲ ಬರೆದಿದ್ದ. ಎರಡನೇ ಫೈಲು ತೆಗೆದು ಮೊದಲಿನ ಫೈಲನ್ನು ಹಾಕಿದ. ಮಾಲಾ ತಟ್ಟಿದ್ದು, ತಾನು ತಪ್ಪೆಂದು ಬದಿಗಿಟ್ಟದ್ದು.

ಮೂವರ ಬಾಯಿ ಶೆಟ್ಟೆವ್ವನ ಬಾಯಿಯ ಜೊತೆಗೇ ತೆರೆಯಿತು. ಎರಡನೇ ನುಡಿ ಸರಿ. ಮೂರನೆಯದೂ ಸರಿ. ಗುಡ್ಡವ್ವ ಹಾಡುತ್ತಲೇ ಅವನ ಕಡೆ ತಿರುಗಿ ಕಣ್ಣರಳಿಸಿದಳು. ಸಾವಂತ್ರೆವ್ವ ಕೂಡ ಸುಮ್ಮನಾದಳು.

ಎಲ್ಲರೂ ತೆರೆ ನೋಡುತ್ತಿದ್ದರೆ ಶಿವಾನಂದ ಹೆಂಡತಿಯನ್ನು ನೋಡುತ್ತಿದ್ದ. ಅವಳ ತುಟಿ ಮುಚ್ಚಿತ್ತು. ಆದರೆ ಪ್ರತಿ ಎತ್ತುವ ಸಾಲಿನ ಕೊನೆಯ ಮಾತಿಗೆ ಅವಳ ಭುಜ ಸೆರಗಿನಡಿ ತುಸುವೇ ಏಳುತ್ತಿತ್ತು, ಇಳಿಯುತ್ತಿತ್ತು. ಎತ್ತುವ ಸಾಲಿಗೆ ಅವಳು ಕೇಳುವವಳಂತೆ ತಡವಾಗಿ ತಟ್ಟಿದ್ದಳು. ಉತ್ತರದ ಸಾಲಿಗೆ ಹಾಡುವವಳಂತೆ ಮೊದಲೇ ತಟ್ಟಿದ್ದಳು. ಅವಳ ಗಂಟಲು ಕೂತಿರಲಿಲ್ಲ. ಅವನ ಭುಜದ ಮೇಲೆ ಬೆರಳಿಟ್ಟುಕೊಂಡು, ಮೂವತ್ತೆರಡು ಸಾಲಿಗೂ ಉಸಿರು ಎಳೆದು, ಎಳೆದ ಉಸಿರನ್ನು ಹಾಡದೆ ಬಿಟ್ಟಿದ್ದಳು.

ಆಗ ಶೆಟ್ಟೆವ್ವ ಮಗಳ ಕಡೆ ತಿರುಗಿ ಏನೋ ಹೇಳಿದಳು. ಮಾಲಾ ತಲೆಯಾಡಿಸಿದಳು. ಶೆಟ್ಟೆವ್ವ ಮತ್ತೆ ಹೇಳಿದಳು. ಮಾಲಾ ಮತ್ತೊಮ್ಮೆ ತಲೆಯಾಡಿಸಿ, ಖಾಲಿಯಾಗದ ತಂಬಿಗೆಯನ್ನೇ ತುಂಬಿಸುವ ನೆಪದಲ್ಲಿ ಹಿತ್ತಲಿಗೆ ನಡೆದಳು. ಶಿವಾನಂದ ಹಿಂದೆಯೇ ಹೋದ.

ಹಿತ್ತಲಿನಲ್ಲಿ ನಲ್ಲಿಯ ಕೆಳಗೆ ತಂಬಿಗೆ ತುಂಬಿ ಹರಿಯುತ್ತಿತ್ತು. ಅವಳು ನೋಡುತ್ತ ನಿಂತಿದ್ದಳು.

"ನಿಮ್ಮವ್ವ ಏನಂದ್ಳು?"

"ಶುಕ್ರವಾರ ಉತ್ತರ ನೀನ ಹಿಡಿ ಅಂದ್ಳು."

"ನೀ ಏನಂದಿ?"

"ನನ್ನ ದನಿ ಹೋಗೇತಿ ಅಂದೆ."

"ಖರೆ ಹೇಳು ಮಾಲಾ. ನೀ ಹಾಡೂದ ಯಾವಾಗ ಬಿಟ್ಟಿ?"

ಅವಳು ಗಾಬರಿಯಿಂದ ಬಾಯಿಗೆ ಬೆರಳಿಟ್ಟಳು. ತನ್ನ ದನಿ ಎಷ್ಟು ದೊಡ್ಡದೆಂದು ಶಿವಾನಂದನಿಗೆ ತಿಳಿಯುವುದಿಲ್ಲ. ಪಿಸುಗುಟ್ಟಿದೆನೆಂದು ಅವನು ತಿಳಿದದ್ದು ಪಡಸಾಲೆ ದಾಟಿ ಬೀದಿಯವರೆಗೆ ಹೋಗಿತ್ತು. ಒಳಗಿನ ಹೆಂಗಸರೆಲ್ಲ ಮಾತು ನಿಲ್ಲಿಸಿ ಕಿವಿ ಕೊಟ್ಟಿದ್ದು ಅವನಿಗೆ ಗೊತ್ತಾಗಲಿಲ್ಲ. ಮಾಲಾಗೆ ಗೊತ್ತಾಯಿತು. ನಲ್ಲಿ ಬಂದ್ ಮಾಡಿ, ಅವನನ್ನು ಮೇವಿನ ಬಣವೆಯ ಮರೆಗೆ ಕೈಹಿಡಿದು ಕರೆದೊಯ್ದಳು. ನಿಧಾನವಾಗಿ, ಅವನು ತುಟಿ ಓದುವಷ್ಟು ನಿಧಾನವಾಗಿ ಹೇಳಿದಳು.

"ನಿಮಗ ಹಿಂಗಾಗಿ ಒಂದ ತಿಂಗಳಾಗಿತ್ತರಿ. ನಾ ರೊಟ್ಟಿ ಬಡಕೋತ ಹಾಡಾಕತ್ತಿದ್ದೆ. ನೀವು ಬಂದ ಎದುರಿಗೆ ನಿಂತ್ರಿ. ನನ್ನ ಬಾಯಿ ನೋಡಿದ್ರಿ. ಏನ ಹೇಳಾಕತ್ತೀ, ತಿಳೀವಲ್ತು, ಇನ್ನೊಮ್ಮೆ ಹೇಳು ಅಂದ್ರಿ. ಏನಂತ ಹೇಳ್ಲಿ? ಉಪವಾಸ ಕುಂತವರ ಮುಂದ ನಾ ಒಬ್ಬಾಕಿನ ಉಣ್ಣಾಕತ್ತಂಗ ಆತರಿ. ಅವತ್ತಿಂದ ಬಾಯಿಗೆ ಬರವಲ್ದು."

ಶಿವಾನಂದನಿಗೆ ಆ ದಿನ ನೆನಪಾಗಲೇ ಇಲ್ಲ. ಅಂಥ ದಿನಗಳು ಆಗ ಬಹಳ ಇದ್ದವು. ಎಷ್ಟು ಸಲ ಎಷ್ಟು ಜನರ ಎದುರು ನಿಂತು ಇನ್ನೊಮ್ಮೆ ಹೇಳಿ ಅಂದಿದ್ದನೋ.

"ಮನ್ಯಾಗೂ ಇಲ್ಲೇನು? ನಾ ಕಾಲೇಜಿಗೆ ಹೋದಾಗ?"

"ಇಲ್ಲ."

"ಒಬ್ಬಾಕಿನ ಇದ್ದಾಗ?"

"ಇಲ್ರಿ."

ಅವನು ಅಂದ:

"ನಾ ಕಾಲೇಜಿಂದ ಬಂದಾಗ ಅಡಿಗಿಮನಿ ಬಾಗಲದಾಗ ನಿಂದರತೇನಲ್ಲ, ನೋಡಿಯೇನು?"

"ನೋಡೇನ್ರಿ. ದಿನಾ ನಿಂದರತೀರಿ. ಕಾಲ ನೋಯ್ತಾವೇನೋ ಅಂದಕೊಂಡಿದ್ದೆ."

"ಕಾಲಿಗೇನ ಧಾಡಿ? ನೀ ಬೆನ್ನ ತಿರವಿ ನಿಂತಿರತಿ. ಹಾಡಾಕತ್ತಿರತಿ ಅಂತ ತಿಳ್ಕೊಂಡಿರತೇನಿ. ನಾ ಒಳಗ ಬಂದ್ರ ನೀ ನಡುವ ನಿಲ್ಲಸತಿ. ಅದಕ್ಕ ಒಂದ ನುಡಿ ಮುಗಿಯೂವಷ್ಟ ಹೊತ್ತ ಅಲ್ಲೇ ನಿಂತ, ಆಮೇಲೆ ಒಳಗ ಬರತಿದ್ದೆ."

ಮಾಲಾ ಅವನನ್ನೇ ನೋಡಿದಳು. ನಾಲ್ಕು ವರ್ಷ, ದಿನಕ್ಕೆ ಒಂದು ನುಡಿ. ಹಾಡದ ಹಾಡಿಗಾಗಿ ಈ ಮನುಷ್ಯ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಸೆರಗು ಅಡ್ಡ ಬಂದದ್ದರಿಂದ ಅವಳು ಏನು ಅಂದಳೋ ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದು ಅವನು ಕೇಳಲೂ ಇಲ್ಲ.

"ನಾ ಉಪವಾಸ ಇಲ್ಲ ಮಾಲಾ," ಎಂದ ಅವನು. ದನಿ ಮತ್ತೆ ಬೀದಿಗೆ ಹೋಗಿತ್ತು. "ನೀ ಹಾಡಾಕತ್ತೀ ಅಂತ ತಿಳ್ಕೊಂಡ ಹೊಟ್ಟಿ ತುಂಬ ಉಂಡಾವ ನಾ. ಈಗ ತಾಟ ಖಾಲಿ ಇತ್ತಂತ ಹೇಳಾಕತ್ತಿ ನೋಡು."

ಒಳಗಿನಿಂದ ಸಾವಂತ್ರೆವ್ವ ಕೂಗಿದಳು: "ಏ ಮಾಲಾ, ಇನ್ನೂ ಒಂದ ತಂಬಗಿ ನೀರ ತುಂಬಲಿಲ್ಲೇನು? ಮಾಸ್ತರ ಹೇಳೂದು ನಮಗೆಲ್ಲಾ ತಿಳೀತು, ನಿನಗ ಒಬ್ಬಾಕಿಗೆ ತಿಳೀವಲ್ದೇನ!"

ಮಾಲಾ ಅಳುತ್ತಿದ್ದವಳು ಫಕ್ಕನೆ ನಕ್ಕಳು. ಆದರೆ ಹಾಡುತ್ತೇನೆ ಎಂದು ಅಂದಳೇ ಎಂದರೆ ಅನ್ನಲಿಲ್ಲ. ಗೋಕಾಕಕ್ಕೆ ಮರಳುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಸೋಮವಾರ, ಮಂಗಳವಾರ, ಬುಧವಾರ ಕಾಲೇಜಿನಿಂದ ಬಂದ ಶಿವಾನಂದ ಬಾಗಿಲಲ್ಲಿ ನಿಲ್ಲಬೇಕೋ ಬೇಡವೋ ತಿಳಿಯದೆ ಕಾಲಿನ ಜೋಡು ಬಿಚ್ಚುವ ನೆಪದಲ್ಲಿ ಹೊರಗೇ ತಡೆದ. ಅವಳು ಬೆನ್ನು ತಿರುಗಿಸಿ ನಿಂತಿರುತ್ತಿದ್ದಳು. ಏನಾಗುತ್ತಿದೆಯೋ ಅವನಿಗೆ ತಿಳಿಯಲಿಲ್ಲ.

ಶುಕ್ರವಾರ ಮುದಲಗಿಯಲ್ಲಿ ಅಕ್ಷತೆ ಹನ್ನೆರಡೂವರೆಗೆ ಬಿತ್ತು. ಊಟದ ಪಂಕ್ತಿಗಳು ಮುಗಿದ ಮೇಲೆ ಹಂದರದ ಒಂದು ಮೂಲೆಯಲ್ಲಿ ಜಮಖಾನೆ ಹಾಸಿದರು. ಒಂದು ಕಡೆ ಕಣಗಲಾದವರು, ಎದುರಿಗೆ ಮುದಲಗಿಯವರು. ಗುಡ್ಡವ್ವ ಮತ್ತು ಅವಳ ಜೊತೆಯವರಿಗೆ ಇನ್ನೂ ಧೈರ್ಯ ಸಾಲದು. ಅಕ್ಷರ ಬೇಕೇ ಬೇಕು ಎಂದು ಹಟ ಹಿಡಿದದ್ದರಿಂದ ಲ್ಯಾಪ್‌ಟಾಪು ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿತ್ತು. ಅದರ ದನಿ ಬಂದ್ ಮಾಡಿ, ಹಾಡುವವರ ಬಾಯಿ ನೋಡುತ್ತ ಬೇಕಾದಲ್ಲಿ ನಿಲ್ಲಿಸಿ ಬೇಕಾದಲ್ಲಿ ಓಡಿಸುತ್ತ ಶಿವಾನಂದ ಪಕ್ಕದಲ್ಲಿ ಕೂತಿದ್ದ. ಅಷ್ಟು ಹೆಂಗಸರ ನಡುವೆ ಅವನೊಬ್ಬನೇ ಗಂಡಸು. ಮುದಲಗಿಯವರು ಅವನನ್ನು ನೋಡಿ ಒಬ್ಬರಿಗೊಬ್ಬರು ಮೊಣಕೈ ತಿವಿಯುತ್ತಿದ್ದರು.

ಮೊದಲ ಐದು ನುಡಿ ಚೆನ್ನಾಗಿ ನಡೆದವು. ಶೆಟ್ಟೆವ್ವ ಎತ್ತಿದಳು, ಸೊಸೆಯಂದಿರು ತೆರೆ ನೋಡಿ ಹಿಡಿದರು. ಮಾಲಾ ಅವ್ವನ ಬಲಕ್ಕೆ ಕೂತು ತಾಳ ಹಾಕುತ್ತಿದ್ದಳು. ತುಟಿ ಮುಚ್ಚಿತ್ತು. ಶಿವಾನಂದ ಅತ್ತ ಹೆಚ್ಚು ನೋಡಬಾರದೆಂದು ತೆರೆಯನ್ನೇ ನೋಡಿದ. ಅವಳ ಉಸಿರು ಅವಳದು. ಒತ್ತಾಯ ಮಾಡಿ ತೆಗೆಸುವುದು ಏನಿದೆ?

ಆರನೆಯದಕ್ಕೆ ಶೆಟ್ಟೆವ್ವ ಎತ್ತಲು ಬಾಯಿ ತೆರೆಯುವುದರೊಳಗೆ ಎದುರಿನ ಸಾಲಿನಿಂದ ಸುಂದ್ರವ್ವ ಮುಂದೆ ಬಾಗಿದಳು. ವರನ ಸೋದರತ್ತೆ, ಮುದಲಗಿಯ ಕಡೆಯ ಮುಖ್ಯ ಹಾಡುಗಾರ್ತಿ. ಕೈಯನ್ನು ಲ್ಯಾಪ್‌ಟಾಪಿನ ಕಡೆ ನೀಡಿ, ಹುಬ್ಬು ಕುಣಿಸಿ ಒಂದು ಸಾಲು ಎಸೆದಳು.

ಅದು ಫೈಲಿನಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅವಳು ಅದನ್ನು ಆ ಕ್ಷಣ ಕಟ್ಟಿದ್ದಳು. ತೆರೆಯ ಮೇಲಿನ ಅಕ್ಷರಕ್ಕೂ ಅವಳ ಬಾಯಿಗೂ ಹೊಂದಿಕೆಯಿಲ್ಲದ್ದನ್ನು ಕಂಡು ಶಿವಾನಂದ ಗುಂಡಿ ಒತ್ತಿ ವಿಡಿಯೊ ನಿಲ್ಲಿಸಿದ. ಗುಡ್ಡವ್ವ ತೆರೆ ನೋಡಿದಳು, ಶಿವಾನಂದನನ್ನು ನೋಡಿದಳು, ಮತ್ತೆ ತೆರೆ ನೋಡಿದಳು. ಶೆಟ್ಟೆವ್ವ ಎದೆ ಒತ್ತಿಕೊಂಡು ಉಸಿರಿಗಾಗಿ ತಡಕಾಡುತ್ತಿದ್ದಳು. ಸುಂದ್ರವ್ವನ ಸಾಲು ಮುಗಿಯುತ್ತ ಬಂತು. ಮುದಲಗಿಯ ಹೆಂಗಸರು ಚಪ್ಪಾಳೆಗೆ ಕೈ ಎತ್ತಿದರು.

ಮಾಲಾಳ ಭುಜ ಎದ್ದಿತು.

ಸುಂದ್ರವ್ವನ ಬಾಯಿ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಮಾಲಾ ಬಾಯಿ ತೆರೆದಳು. ತಾಳ ಹಾಕುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಕೊರಳಿನ ನರ ಬಿಗಿಯಿತು. ಮುದಲಗಿಯವರ ಎತ್ತಿದ ಕೈಗಳು ಎತ್ತಿದಲ್ಲೇ ಉಳಿದವು. ಗುಡ್ಡವ್ವ ಬಾಯಿ ಬಿಟ್ಟುಕೊಂಡು ಮಾಲಾಳನ್ನು ನೋಡಿದಳು. ಶೆಟ್ಟೆವ್ವ ಕಣ್ಣು ಮುಚ್ಚಿ ಮಗಳ ದನಿಗೆ ತಲೆದೂಗಿದಳು.

ಶಿವಾನಂದ ಹೆಂಡತಿಯ ತುಟಿ ಓದಲು ನೋಡಿದ. ಹಾಡಿನಲ್ಲಿ ಮಾತು ಜಗ್ಗುತ್ತದೆ, ಓದುವುದು ಕಷ್ಟ. ಪೆಟ್ಟಿಗೆ ಎಂಬುದು ತಿಳಿಯಿತು. ಬೆಳಕು ಎಂಬುದು ತಿಳಿಯಿತು. ಆದರೆ ಕೊನೆಗೆ ಒಂದು ಮಾತು ಬಂತು. ಅಲ್ಲಿ ಅವಳು ಕಣ್ಣು ತಗ್ಗಿಸಿದಳು, ಕೆನ್ನೆ ಕೆಂಪಾಯಿತು. ಆ ಮಾತನ್ನು ಅವಳು ಎರಡು ಸಲ ಹಾಡಿದಳು. ಅದು ಮಾತ್ರ ತಿಳಿಯಲಿಲ್ಲ. ದಿನಾ ಬೆಳಗಿನಿಂದ ರಾತ್ರಿಯವರೆಗೆ ಆ ತುಟಿಗಳನ್ನು ಓದುವವನು ಅವನು. ಅವು ಹೇಳುವ ಮಾತುಗಳ ಆಕಾರವೆಲ್ಲ ಅವನಿಗೆ ಬಾಯಿಪಾಠ. ಈ ಆಕಾರವನ್ನು ಅವನು ಎಂದೂ ನೋಡಿರಲಿಲ್ಲ.

ಎರಡೂ ಕಡೆಯ ಹೆಂಗಸರು ಒಟ್ಟಿಗೇ ನಕ್ಕರು. ಎಲ್ಲರೂ ಅವನ ಕಡೆಗೇ ತಿರುಗಿದರು. ಸುಂದ್ರವ್ವ ಚಪ್ಪಾಳೆ ತಟ್ಟಲಿಲ್ಲ. ಮಾಲಾಳಿಗೆ ದೃಷ್ಟಿ ತೆಗೆಯುವಂತೆ ಎರಡೂ ಕೈ ಹಣೆಗೆ ಮುಟ್ಟಿಸಿ ಲಟಿಕೆ ಮುರಿದಳು. ಸಾವಂತ್ರೆವ್ವ ಅವನಿಗೆ ಏನೋ ಹೇಳಿದಳು. ಬಾಯಿ ತುಂಬ ಎಲೆ ಅಡಿಕೆ ಇದ್ದದ್ದರಿಂದ ಒಂದಕ್ಷರವೂ ತಿಳಿಯಲಿಲ್ಲ.

"ಏನಂದ್ಳು? ಆಕಿ ಏನ ಹಾಡಿದ್ಳು?" ಎಂದು ಕೇಳಿದ. ಇಡೀ ಹಂದರಕ್ಕೆ ಕೇಳಿಸಿತು. ಮತ್ತೆ ನಗು.

ಗುಡ್ಡವ್ವ ಅವನ ಜೇಬಿನ ವಹಿ ಇಸಿದುಕೊಂಡು, ಮೊಣಕಾಲಿನ ಮೇಲಿಟ್ಟು ಬರೆದುಕೊಟ್ಟಳು. ಮೇಲೆ ಸುಂದ್ರವ್ವನದು:

ಕಣಗಲದ ಬೀಗರಿಗೆ ದನಿಯಿಲ್ಲ ದಮ್ಮಿಲ್ಲ, ಪೆಟಗಿ ನೋಡಿ ಹಾಡತಾರ ಈ ಮಂದಿ.

ಅದರ ಕೆಳಗೆ ಮಾಲಾಳದು:

ಮಂದಿಗೆ ಕಾಣೂದು ಪೆಟಗೀಯ ಬೆಳಕವ್ವ, ನನ ದನಿಯ ಕಾಯ್ದಾವ ಶಿವಾನಂದ.

ಅವನು ಎರಡು ಸಲ ಓದಿದ. ಇಪ್ಪತ್ನಾಲ್ಕು ವರ್ಷದಲ್ಲಿ ಮಾಲಾ ಅವನನ್ನು ರೀ ಎಂದಿದ್ದಳು, ನೋಡ್ರಿ ಎಂದಿದ್ದಳು, ಬೇರೆಯವರ ಮುಂದೆ ನಮ್ಮನಿಯವರು ಎಂದಿದ್ದಳು. ಹೆಸರು ಹೇಳಿದ್ದು ಮದುವೆಯ ದಿನ ಹೊಸ್ತಿಲಲ್ಲಿ ತಡೆದು ಹೇಳಿಸಿದಾಗ, ಒಂದೇ ಸಲ. ಆಗ ಅವನಿಗೆ ಕಿವಿ ಇದ್ದವು. ಅವಳ ಬಾಯಿಯನ್ನು ನೋಡಿರಲಿಲ್ಲ.

"ಮಾಲಾ, ಇನ್ನೊಮ್ಮೆ ಹೇಳು," ಎಂದ.

ಅವಳು ಅವನ ಕಡೆ ತಿರುಗಲಿಲ್ಲ. ಸುಂದ್ರವ್ವ ಮುಂದಿನ ಸಾಲು ಎತ್ತಿಯಾಗಿತ್ತು. ಮಾಲಾಗೆ ಪುರುಸೊತ್ತಿರಲಿಲ್ಲ.